ಹಾಡು ಶೇರ್ ಮಾಡಿದ ಕೇಸಿನ ಸುದ್ದಿ ಪೇಪರಲ್ಲಿ ಬಂದ್ರೆ ಅದನ್ನು ಓದೋದು ಹೇಗೆ

2016ರ ಆಗಸ್ಟ್‌ನಲ್ಲಿ ಒಂದಿನ ಬೆಳಿಗ್ಗೆ ಕಾಪುವಿನಿಂದ ಅಕ್ಕನ ಫೋನು, ಹಲೋ ಗಿಲೋ ಎಂತ ಇಲ್ಲ, ಸೀದಾ "ತಮ್ಮಾ, ನೀನು ಆ ಟೊರೆಂಟೋ ಎಂತದೋ ನೋಡ್ತಿಯಲ್ಲ, ಅದನ್ನು ಬರೀ ನೋಡಿದ್ರೂ ಮೂರು ವರ್ಷ ಜೈಲಂತೆ, ಟಿವಿಯಲ್ಲಿ ಬಂತು, ಮೊದಲು ಆ ಕಂಪ್ಯೂಟರನ್ನು ಅಟ್ಟಕ್ಕೆ ಹಾಕು" ಅಂತ. ನಾನು ಆಗ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಿಸಿ ಬಿಸಿ ಗೋಳಿಬಜೆ ತಿನ್ತಾ ಇದ್ದೆ, ಗಂಟಲಲ್ಲಿ ಸಿಕ್ಕಿಬಿತ್ತು. ಯಾಕಂದ್ರೆ ಅಕ್ಕ ಹೇಳಿದ್ದು ಸುಳ್ಳಲ್ಲ, ಅದು ಟಿವಿಯಲ್ಲಿ ಬಂದದ್ದು ಹೌದು, ಪೇಪರಲ್ಲೂ ಬಂದಿತ್ತು.

ಅಕ್ಕ ಹೇಳಿದ್ದು ಟೊರೆಂಟ್, ಅಂದ್ರೆ ಸಿನಿಮಾ, ಹಾಡಿನ ಫೈಲನ್ನು ಜನ ಇಂಟರ್ನೆಟ್ಟಲ್ಲಿ ಒಬ್ಬರಿಂದೊಬ್ಬರು ಇಳಿಸ್ಕೊಳ್ಳುವ ದಾರಿ. ಆಮೇಲೆ ಕೂತು ನೋಡಿದ್ರೆ ಕತೆ ಬೇರೆಯೇ. ಕೋರ್ಟ್ ಆರ್ಡರ್ ಮೇಲೆ ಬ್ಲಾಕ್ ಆದ ಸೈಟುಗಳನ್ನು ಓಪನ್ ಮಾಡಿದ್ರೆ ಇಂಟರ್ನೆಟ್ ಕಂಪನಿಯವ್ರು ಒಂದು ನೋಟಿಸ್ ತೋರಿಸ್ತಿದ್ರು, ಅದರಲ್ಲಿ ನೋಡುವುದು, ಡೌನ್‌ಲೋಡ್ ಮಾಡುವುದು ಎಲ್ಲ ಅಪರಾಧ ಅಂತ ಯಾರೋ ಒಟ್ಟಾರೆ ಬರೆದಿದ್ರು, ಅದನ್ನೇ ಸರ್ಕಾರದ ಹೊಸ ಕಾನೂನು ಅಂತ ಚಾನೆಲ್‌ನವ್ರು ಬೊಬ್ಬೆ ಹೊಡೆದದ್ದು. ಹೊಸ ಕಾನೂನು ಯಾವುದೂ ಬಂದಿರ್ಲಿಲ್ಲ. 1957ರ ಕಾಪಿರೈಟ್ ಆಕ್ಟ್‌ನ ಸೆಕ್ಷನ್ 63 ಮೊದಲಿಂದ ಉಂಟು, ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಅದೇ ತಿಂಗಳು ಬಾಂಬೆ ಹೈಕೋರ್ಟಿನ ಜಸ್ಟಿಸ್ ಗೌತಮ್ ಪಟೇಲ್ ಅವ್ರು ಬರೀ ನೋಡುವುದು ಅಪರಾಧ ಅಲ್ಲ, ಪರ್ಮಿಷನ್ ಇಲ್ಲದೆ ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧ ಅಂತ ಸ್ಪಷ್ಟ ಮಾಡಿದ್ರು. ಅದು ಅಕ್ಕನ ಟಿವಿಗೆ ಬರ್ಲೇ ಇಲ್ಲ. ಇವತ್ತಿಗೂ ಅವಳ ತಲೆಯಲ್ಲಿ ನೋಡಿದ್ರೆ ಜೈಲು ಅಂತಲೇ ಉಂಟು.

ಅಲ್ಲಿಂದ ನನಗೊಂದು ಚಾಳಿ. ಈ ಥರದ ಸುದ್ದಿ ಕಂಡ್ರೆ ಪೆನ್ ಹಿಡ್ಕೊಂಡು ಓದುವುದು. ಈಗ ಅಕ್ಕನ ಮಗಳು ಡಿಗ್ರಿಯಲ್ಲಿ ಜರ್ನಲಿಸಂ ತಗೊಂಡಿದ್ದಾಳೆ, ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೀತಿದ್ದೇನೆ.

ಮೊದಲನೇ ಕೆಲಸ, ಸುದ್ದಿಯ ಪಕ್ಕದಲ್ಲಿ ಒಂದು ಶಬ್ದ ಬರೀರಿ: ಕೇಸ್ ಹಾಕಿದ್ದಾ, ತಡೆಯಾಜ್ಞೆಯಾ, ತೀರ್ಪಾ, ಅಪೀಲಾ, ರಾಜಿಯಾ. ಇಷ್ಟು ಮಾಡಿದ್ರೆ ಅರ್ಧ ಕೆಲಸ ಮುಗೀತು ಅಂತ ನನ್ನ ಲೆಕ್ಕ. ಈ ಸುದ್ದಿಗಳಲ್ಲಿ ಅಪ್ಪಟ ಸುಳ್ಳು ಕಡಿಮೆ ಮಾರಾಯ್ರೆ, ಕೇಸು ಹತ್ತು ವರ್ಷ ನಡೀತದೆ, ರಿಪೋರ್ಟರ್ ಬರುವುದು ಅದರಲ್ಲಿ ಒಂದು ದಿನ, ಅದೂ ಬೊಬ್ಬೆ ಜೋರಿದ್ದ ದಿನ, ಅವತ್ತು ಕಂಡದ್ದೇ ಓದುವವ್ರ ತಲೆಯಲ್ಲಿ ಇಡೀ ಕೇಸು ಆಗಿ ಕೂತ್ಕೊಳ್ತದೆ.

ಅಮೆರಿಕದ ಮಿನೆಸೋಟಾದ ಒಬ್ಬ ಹೆಂಗಸಿನ ಕೇಸು ತಗೊಳ್ಳಿ, ಕಜಾ ಅಂತ ಸಾಫ್ಟ್‌ವೇರಲ್ಲಿ ಹಾಡು ಶೇರ್ ಮಾಡಿದ್ದು, ಮ್ಯೂಸಿಕ್ ಕಂಪನಿಗಳು ಕೇಸು ಹಾಕಿದ್ದು 24 ಹಾಡಿಗೆ. 2007ರ ಅಕ್ಟೋಬರಲ್ಲಿ ಜ್ಯೂರಿ, ಅಂದ್ರೆ ಕೇಸು ಕೇಳಿ ನಿರ್ಧಾರ ಹೇಳ್ಲಿಕ್ಕೆ ಕೂರಿಸಿದ ಸಾಮಾನ್ಯ ಜನರ ಗುಂಪು, 2,22,000 ಡಾಲರ್ ಕೊಡ್ಬೇಕು ಅಂತು. ಜ್ಯೂರಿಗೆ ಕಾನೂನು ವಿವರಿಸಿದ್ದು ತಪ್ಪಿತ್ತು ಅಂತ 2008ರಲ್ಲಿ ಜಡ್ಜೇ ಅದನ್ನು ತೆಗೆದುಹಾಕಿ ಮರುವಿಚಾರಣೆಗೆ ಹಾಕಿದ್ರು, 2009ರ ಜೂನಲ್ಲಿ ಎರಡನೇ ಜ್ಯೂರಿ 19,20,000 ಅಂತು, ಅಂದ್ರೆ ಒಂದು ಹಾಡಿಗೆ 80,000 ಡಾಲರ್. ಜಡ್ಜ್ ಅದನ್ನು 54,000ಕ್ಕೆ ಇಳಿಸಿದ್ರು. ಕಂಪನಿಯವ್ರು ಒಪ್ಲಿಲ್ಲ, 2010ರಲ್ಲಿ ಮೂರನೇ ಜ್ಯೂರಿ 15 ಲಕ್ಷ ಅಂತು, ಮತ್ತೆ 54,000ಕ್ಕೆ ಇಳೀತು, 2012ರಲ್ಲಿ ಅಪೀಲು ಕೋರ್ಟು ತಿರುಗಿ 2,22,000ಕ್ಕೆ ತಂದು ನಿಲ್ಲಿಸ್ತು, 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಾವು ಕೈ ಹಾಕುದಿಲ್ಲ ಅಂತು. ಈಗ ಯಾರನ್ನಾದ್ರೂ ಕೇಳಿ, ನೆನಪಿರುವುದು 19 ಲಕ್ಷ ಒಂದೇ. ಆ ನಂಬರು ಸುಳ್ಳಲ್ಲ, ಆದ್ರೆ ಅದು ಉಳಿಯಲೇ ಇಲ್ಲ.

ಲೈಮ್‌ವೈರ್ ಅಂತ ಇನ್ನೊಂದು ಹಾಡು ಹಂಚುವ ಸಾಫ್ಟ್‌ವೇರಿತ್ತು, ಅದರ ಕೇಸಿನಲ್ಲಂತೂ ಚಾನ್ಸೇ ಇಲ್ಲ. ಮ್ಯೂಸಿಕ್ ಕಂಪನಿಗಳು 75 ಟ್ರಿಲಿಯನ್ ಡಾಲರ್ ಕೇಳ್ತಿದ್ದಾವೆ, ಇಡೀ ಪ್ರಪಂಚದಲ್ಲಿ ಅಷ್ಟು ದುಡ್ಡಿಲ್ಲ ಅಂತ ಎಷ್ಟು ಕಡೆ ಬಂತೋ ಲೆಕ್ಕ ಇಲ್ಲ. ನಿಜಕ್ಕೆ ಆದದ್ದು ಎಂತ ಅಂದ್ರೆ, ಪ್ರತಿ ಹಾಡನ್ನು ಎಷ್ಟು ಜನ ಇಳಿಸ್ಕೊಂಡ್ರೋ ಅಷ್ಟು ಸಲ ಪರಿಹಾರ ಬೇಕು ಅಂತ ಕಂಪನಿಗಳು ವಾದ ಮಾಡಿದ್ವು, 2011ರಲ್ಲಿ ಜಡ್ಜ್ ಕಿಂಬಾ ವುಡ್ ಹಾಗೆ ಲೆಕ್ಕ ಹಾಕಿದ್ರೆ ಟ್ರಿಲಿಯನ್‌ಗಟ್ಟಲೆ ಆಗ್ತದೆ, ಅರ್ಥ ಇಲ್ಲದ ಮಾತು ಅಂತ ಆ ವಾದವನ್ನೇ ತಳ್ಳಿಹಾಕಿದ್ರು. ಕೋರ್ಟು ಬೇಡ ಅಂದ ಲೆಕ್ಕವೇ ಹೆಡ್‌ಲೈನ್ ಆಯ್ತು. ಅದೇ ವರ್ಷ ಮೇ ತಿಂಗಳಲ್ಲಿ 10.5 ಕೋಟಿ ಡಾಲರಿಗೆ ರಾಜಿ ಆದದ್ದು ಎಷ್ಟು ಜನಕ್ಕೆ ಗೊತ್ತುಂಟು?

ಎರಡನೇದು, ನಂಬರ್ ಸಿಕ್ಕಿದ ಕೂಡ್ಲೇ ಇದು ಯಾರು ಎಣಿಸಿದ ನಂಬರು ಅಂತ ಕೇಳ್ಬೇಕು. ಅದೇ ಮಿನೆಸೋಟಾ ಕೇಸಿನಲ್ಲಿ ಕಂಪನಿ ಪರ ಬರೆದವ್ರು ಅವಳ ಫೋಲ್ಡರಲ್ಲಿ 1,702 ಹಾಡು ಇತ್ತು ಅಂತ ಶುರು ಮಾಡ್ತಾರೆ, ಅವಳ ಪರ ಇದ್ದವ್ರು 24 ಹಾಡು ಅಂತ ಶುರು ಮಾಡ್ತಾರೆ. ಎರಡೂ ಸರಿ! ಫೋಲ್ಡರಲ್ಲಿ ಇದ್ದದ್ದು ಅಷ್ಟು, ಕೇಸ್ ಹಾಕಿದ್ದು ಇಷ್ಟಕ್ಕೆ. ಎರಡನ್ನೂ ಒಟ್ಟಿಗೆ ಬರೆದ ವರದಿ ಸಿಕ್ಕಿದ್ರೆ ಅದನ್ನು ನಂಬಬಹುದು, ಒಂದನ್ನೇ ಬರೆದ್ರೆ ಎತ್ತ ವಾಲಿದ್ದು ಅಂತ ಅಲ್ಲೇ ಗೊತ್ತಾಗ್ತದೆ. ಇನ್ನು ಪೈರಸಿಯಿಂದ ಇಷ್ಟು ಸಾವಿರ ಕೋಟಿ ನಷ್ಟ ಅಂತ ಬರ್ತದಲ್ಲ, ಅದಕ್ಕಂತೂ ದೊಡ್ಡ ಪ್ರಶ್ನಾರ್ಥಕ ಹಾಕಿ. ಪುಕ್ಕಟೆ ಸಿಕ್ಕಿದ್ದಕ್ಕೆ ಇಳಿಸ್ಕೊಂಡವ ದುಡ್ಡು ಕೊಟ್ಟು ತಗೊಳ್ತಿದ್ದ ಅಂತ ಎಂತ ಗ್ಯಾರಂಟಿ? 2010ರಲ್ಲಿ ಅಮೆರಿಕ ಸರ್ಕಾರದ್ದೇ ಆಡಿಟ್ ಸಂಸ್ಥೆ, ಎಲ್ಲರೂ ಎತ್ತಿ ಎತ್ತಿ ಹೇಳುವ ಮೂರು ನಷ್ಟದ ಅಂದಾಜುಗಳಿಗೆ ಮೂಲ ಲೆಕ್ಕವೇ ಸಿಗುದಿಲ್ಲ ಅಂತ ವರದಿ ಕೊಟ್ಟಿತ್ತು. ನಷ್ಟವೇ ಆಗ್ಲಿಲ್ಲ ಅಂತ ಅವ್ರು ಹೇಳ್ಲಿಲ್ಲ ಆಯ್ತಾ, ಅದನ್ನು ಹಾಗೆ ತಿರುಚಿ ಬರೆದವ್ರೂ ಇದ್ದಾರೆ.

ಮೂರನೇದು ನನಗೆ ಇಷ್ಟದ್ದು, ನಮ್ಮ ಕನ್ನಡದ ಶಬ್ದಗಳು. ಇಂಗ್ಲಿಷ್ ಪೇಪರಲ್ಲಿ ಇಲ್ಲದ ವಾಲುವಿಕೆ ಅನುವಾದದಲ್ಲಿ ಹುಟ್ಟಿಕೊಳ್ತದೆ. ಅಮೆರಿಕದ ಈ ಕೇಸುಗಳು ಸಿವಿಲ್, ಅಲ್ಲಿ ಕೊಡ್ಬೇಕಾದ್ದು ಪರಿಹಾರ, ನಮ್ಮ ಕನ್ನಡ ಪೇಪರಿನ ಡೆಸ್ಕಲ್ಲಿ ಅದು "ದಂಡ" ಆಗ್ತದೆ, ಹೊಣೆಗಾರ ಅಂತ ಹೇಳ್ಬೇಕಾದಲ್ಲಿ "ತಪ್ಪಿತಸ್ಥೆ", ಒಂದು ಹೆಜ್ಜೆ ಮುಂದೆ ಹೋದ್ರೆ "ಅಪರಾಧಿ". ಮೂರು ಶಬ್ದಕ್ಕೆ ಸಿವಿಲ್ ಕೇಸು ಕ್ರಿಮಿನಲ್ ಆಗಿಬಿಟ್ಟಿತು. ಸ್ವೀಡನ್ನಿನ ಪೈರೇಟ್ ಬೇ ಅನ್ನುವ ಟೊರೆಂಟ್ ಸೈಟಿನ ಕೇಸು ಮಾತ್ರ ನಿಜವಾಗಿ ಕ್ರಿಮಿನಲ್, 2009ರ ಏಪ್ರಿಲಲ್ಲಿ ನಾಲ್ಕು ಜನಕ್ಕೆ ತಲಾ ಒಂದು ವರ್ಷ ಜೈಲು ಅಂತ ಆಯ್ತು, ಅಪೀಲಲ್ಲಿ ಅವರಲ್ಲಿ ಮೂವರಿಗೆ ಕಡಿಮೆ ಆಯ್ತು. ಎರಡನ್ನೂ ಒಂದೇ ಶಬ್ದದಲ್ಲಿ ಬರೆದ್ರೆ ಓದುವವನಿಗೆ ವ್ಯತ್ಯಾಸ ಹೇಗೆ ಗೊತ್ತಾಗ್ಬೇಕು.

"ಕದ್ದ" ಅನ್ನುವುದೂ ಹಾಗೆ. ಕಾಪಿರೈಟ್ ಉಲ್ಲಂಘನೆ ಮತ್ತು ಕಳ್ಳತನ ಕಾನೂನಲ್ಲಿ ಒಂದೇ ಅಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಮತ್ತೆ "ಡೌನ್‌ಲೋಡ್ ಮಾಡಿದ್ದಕ್ಕೆ ಕೇಸು" ಅಂತ ಹಾಕ್ತಾರೆ, ಕಂಪನಿಗಳು ಹುಡುಕಿ ಹಿಡಿದದ್ದು ಹೆಚ್ಚಾಗಿ ಬೇರೆಯವರಿಗೆ ಸಿಗುವ ಹಾಗೆ ಫೋಲ್ಡರ್ ತೆರೆದಿಟ್ಟವರನ್ನು. ಇಳಿಸ್ಕೊಂಡದ್ದು ಬೇರೆ, ಹಂಚಿದ್ದು ಬೇರೆ.

ಎಲ್ಲಕ್ಕಿಂತ ಕಳ್ಳ ಶಬ್ದ "ಎನ್ನಲಾಗಿದೆ". ಅಂದದ್ದು ಯಾರು? ಪೊಲೀಸಾ, ಕಂಪನಿ ವಕೀಲನಾ, ಪಕ್ಕದ ಅಂಗಡಿಯವನಾ? ಅದು ಕಂಡಲ್ಲೆಲ್ಲ ಪೆನ್ನಲ್ಲಿ ವೃತ್ತ ಹಾಕಿ. ಇದು ನಾನು ಪುಸ್ತಕದಿಂದ ಕಲಿತದ್ದಲ್ಲ. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡುವ ಕಾಲದಲ್ಲಿ ನಾನು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್ ಹತ್ರ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ತುಳು ಪದ, ಯಕ್ಷಗಾನ, ಹಿಂದಿ, ಒಟ್ರಾಶಿ ಎಲ್ಲ, ಸರಿ ತಪ್ಪು ಯಾರು ಯೋಚನೆ ಮಾಡ್ತಾರೆ ಆಗ. ಮೂರು ಅಂಗಡಿ ಆಚೆ ಒಬ್ಬರಲ್ಲಿಗೆ ರೈಡ್ ಬಂತು, ಒಂದು ಕಂಪ್ಯೂಟರ್ ತಗೊಂಡು ಹೋದ್ರು. ಮರುದಿನ ಒಂದು ಪೇಪರಲ್ಲಿ "ಬೃಹತ್ ಜಾಲ ಪತ್ತೆ", ಲಕ್ಷಾಂತರ ಮೌಲ್ಯದ ಸೊತ್ತು ವಶ, ಹಲವು ವರ್ಷಗಳಿಂದ ದಂಧೆ ನಡೆಸುತ್ತಿದ್ದ ಎನ್ನಲಾಗಿದೆ. ಆ ಕಂಪ್ಯೂಟರಿನ ಕೀಬೋರ್ಡಲ್ಲಿ ಎಂಟರ್ ಬಟನ್ನೇ ಇರ್ಲಿಲ್ಲ, ಪೆನ್ನಿನ ಕ್ಯಾಪಲ್ಲಿ ಒತ್ತುತಿದ್ರು. ಆ ಮನುಷ್ಯನನ್ನು ಯಾರೂ ಒಂದು ಮಾತು ಕೇಳಿರ್ಲಿಲ್ಲ, ಅವರು ಮಾಡಿದ್ದು ಸರಿ ಅಂತ ನಾನು ಹೇಳುದಿಲ್ಲ, ಕೇಳ್ಬೇಕಿತ್ತು ಅಂತ ಅಷ್ಟೇ.

ಅದಕ್ಕೆ ನಾಲ್ಕನೇದು, ಸುದ್ದಿಯಲ್ಲಿ ಎಷ್ಟು ಬಾಯಿ ಉಂಟು ಅಂತ ಎಣಿಸಿ. ಕಂಪನಿ ಕಡೆಯಿಂದ ಪತ್ರಿಕಾ ಹೇಳಿಕೆ ರೆಡಿ ಇರ್ತದೆ, ಸಂಜೆ ಆರು ಗಂಟೆಯೊಳಗೆ ಪೇಜ್ ಮುಗಿಸ್ಬೇಕಾದ ಸಬ್ ಎಡಿಟರಿಗೆ ಅದು ಪಾಯಸ ಇದ್ದ ಹಾಗೆ. ಕೇಸ್ ಹಾಕಿಸ್ಕೊಂಡವನಿಗೆ ಅವನ ವಕೀಲರೇ ಬಾಯಿ ಮುಚ್ಚಿ ಕೂತ್ಕೊ ಅಂದಿರ್ತಾರೆ. ಹಾಗಾಗಿ ಯಾರೂ ಕೆಟ್ಟ ಮನಸ್ಸು ಮಾಡದೆಯೂ ಸುದ್ದಿ ವಾಲ್ತದೆ. ಜೊತೆಗೆ ಮಾಲಕರು ಯಾರು ಅಂತ ಒಮ್ಮೆ ನೋಡಿ. 2003ರಲ್ಲಿ ಅಮೆರಿಕದಲ್ಲಿ ಹಾಡು ಹಂಚಿದವರ ಮೇಲೆ ಕೇಸು ಹಾಕಿದವರಲ್ಲಿ ವಾರ್ನರ್ ಮ್ಯೂಸಿಕ್ ಇತ್ತು, ಆಗ ಅದು ಮತ್ತು ಸಿಎನ್ಎನ್ ಸುದ್ದಿ ಚಾನೆಲ್ ಒಂದೇ ಮನೆಯ ಮಕ್ಕಳು, ಎಒಎಲ್ ಟೈಮ್ ವಾರ್ನರ್. ನಮ್ಮಲ್ಲೂ ಟೈಮ್ಸ್ ಗ್ರೂಪಿಗೆ ಟೈಮ್ಸ್ ಮ್ಯೂಸಿಕ್ ಇತ್ತು, ಝೀಯವ್ರಿಗೆ ಝೀ ಮ್ಯೂಸಿಕ್ ಉಂಟು. ಮಾಲಕರು ಫೋನ್ ಮಾಡಿ ಹೀಗೆ ಬರಿ ಅಂತಾರೆ ಅಂತ ನಾನು ಹೇಳ್ತಾ ಇಲ್ಲ, ಗೊತ್ತಿದ್ದು ಓದಿ ಅಂತ ಅಷ್ಟೇ.

ಈಗ ಉಲ್ಟಾ ಸೈಡು, ಇಲ್ಲಿ ನನ್ನಂಥವ್ರೇ ಮೋಸ ಹೋಗುವುದು. 2003ರ ಸೆಪ್ಟೆಂಬರಲ್ಲಿ ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘ ಒಂದೇ ದಿನ 261 ಕೇಸು ಹಾಕ್ತು, ಪೇಪರಿಗೆಲ್ಲ ಸಿಕ್ಕಿದ್ದು ನ್ಯೂಯಾರ್ಕಿನ 12 ವರ್ಷದ ಹುಡುಗಿ, 2,000 ಡಾಲರಿಗೆ ರಾಜಿ ಆಯ್ತು. 2005ರಲ್ಲಿ, ಅಷ್ಟೊತ್ತಿಗೆ ತೀರಿಹೋಗಿದ್ದ 83 ವರ್ಷದ ಅಜ್ಜಿ ಮೇಲೆ ಕೇಸು ಅಂತ ಬಂತು. ಓದಿದ ಕೂಡ್ಲೇ ಈ ಕಂಪನಿಯವ್ರಿಗೆ ನಾಚಿಕೆ ಇಲ್ವಾ ಅಂತ ಅನ್ನಿಸ್ತದೆ, ನನಗೂ ಅನ್ನಿಸಿತ್ತು. ಆದ್ರೆ ಅವರಿಗೆ ಮೊದಲು ಸಿಗುವುದು ಬರೀ ಐಪಿ ಅಡ್ರೆಸ್, ಅಂದ್ರೆ ಇಂಟರ್ನೆಟ್ ಕನೆಕ್ಷನ್ನಿನ ನಂಬರು, ಆಮೇಲೆ ಆ ಕನೆಕ್ಷನ್ ಯಾರ ಹೆಸರಲ್ಲಿ ಉಂಟು ಅಂತ ಇಂಟರ್ನೆಟ್ ಕಂಪನಿಯಿಂದ ತರಿಸ್ಕೊಳ್ಳುವುದು, ಕೀಬೋರ್ಡ್ ಮುಂದೆ ಕೂತದ್ದು ಯಾರು ಅಂತ ಅದರಲ್ಲಿ ಗೊತ್ತಾಗುದಿಲ್ಲ. ನಮ್ಮನೆ ವೈಫೈ ಬಾವನ ಹೆಸರಲ್ಲಿ ಉಂಟು, ಬಳಸುವುದು ನಾವು ಏಳು ಜನ. ಅಜ್ಜಿ ಕತೆಯಲ್ಲಿ ಬರೀಬೇಕಾದ್ದು ಈ ವ್ಯವಸ್ಥೆ ಎಷ್ಟು ಕಚ್ಚಾ ಅಂತ, ಬರೆದದ್ದು ಅಯ್ಯೋ ಅಜ್ಜಿ ಅಂತ. 2008ರ ಡಿಸೆಂಬರಲ್ಲಿ ಆ ಸಂಘ ಸಾಮೂಹಿಕ ಕೇಸು ನಿಲ್ಲಿಸ್ತೇವೆ ಅಂದಾಗ ಒಟ್ಟು ಸುಮಾರು 35,000 ಜನ ಆಗಿದ್ರು, ಹೆಚ್ಚಿನವರು ಮೂರು ಸಾವಿರ, ಐದು ಸಾವಿರ ಡಾಲರ್ ಕೊಟ್ಟು ಸುಮ್ಮನಾದವ್ರು. ಅವರ ಬಗ್ಗೆ ಯಾರು ಬರೀತಾರೆ.

ನಮ್ಮ ದೇಶದ ಸುದ್ದಿಯಾದ್ರೆ ಇನ್ನೊಂದು ನೋಡ್ಬೇಕು, "ಅಶೋಕ್ ಕುಮಾರ್ ಆದೇಶ". ಅದು ಯಾರೋ ಒಬ್ಬ ಕಳ್ಳನ ಹೆಸರಲ್ಲ, ಹೆಸರು ಗೊತ್ತಿಲ್ಲದವರ ಮೇಲೆ ಮೊದಲೇ ತಗೊಳ್ಳುವ ತಡೆಯಾಜ್ಞೆ. ಎದುರು ಪಾರ್ಟಿಯನ್ನು ಕೇಳದೆ ಕೊಟ್ಟದ್ದು, ಹಾಗಾಗಿ "ಕೋರ್ಟಲ್ಲಿ ಕಂಪನಿಗೆ ಗೆಲುವು" ಅಂತ ಹಾಕಿದ್ರೆ ನಗಬೇಕು, ಆಟಕ್ಕೆ ಎದುರಿನ ಟೀಮೇ ಬರ್ಲಿಲ್ಲ. 2012ರ ಮಾರ್ಚಲ್ಲಿ ಕಲ್ಕತ್ತಾ ಹೈಕೋರ್ಟು 104 ಹಾಡಿನ ಸೈಟು ಬ್ಲಾಕ್ ಮಾಡಿ ಅಂದಾಗಲೂ ಸುದ್ದಿಯಲ್ಲಿ ಜಾಸ್ತಿ ಕೇಳಿದ್ದು ಕೇಸು ಹಾಕಿದವರ ದನಿ.

ಕೊನೇ ಕೆಲಸ, ಮೂಲ ಕಾಗದ ಓದುವುದು. ಹೆದರುವಂಥದ್ದು ಎಂತ ಇಲ್ಲ. ಇ-ಕೋರ್ಟ್ಸ್ ಸೈಟಲ್ಲಿ ಪಾರ್ಟಿ ಹೆಸರು ಹಾಕಿದ್ರೂ ಸಿಗ್ತದೆ, ಪ್ರತಿ ಕೇಸಿಗೂ ಕೊಡುವ, ಅಕ್ಷರ ಅಂಕಿ ಸೇರಿ 16 ಇರುವ ಸಿಎನ್ಆರ್ ನಂಬರ್ ಇದ್ದರಂತೂ ಸೀದಾ ಸ್ಟೇಟಸ್ ಬರ್ತದೆ, ದೊಡ್ಡ ತೀರ್ಪುಗಳು ಇಂಡಿಯನ್ ಕಾನೂನ್ ಸೈಟಲ್ಲಿ ಪುಕ್ಕಟೆ ಉಂಟು. ಮೊದಲು ಕಡೇ ಪ್ಯಾರಾಕ್ಕೆ ಹೋಗಿ, ಆದೇಶ ಇರುವುದು ಅಲ್ಲಿ.

ಅಭ್ಯಾಸಕ್ಕೆ ಅಂತ ಅಕ್ಕನ ಮಗಳಿಗೆ ಉಡುಪಿಯದ್ದೇ ಕೇಸು ಕೊಟ್ಟೆ, ಶಿವರಾಮ ಕಾರಂತರು ಯಕ್ಷಗಾನದಿಂದ ರೂಪಿಸಿದ ನೃತ್ಯನಾಟಕ ಯಕ್ಷರಂಗದ್ದು. ಕಾರಂತರು 1994ರ ಉಯಿಲಿನಲ್ಲಿ ಹಕ್ಕು ಒಬ್ಬರಿಗೆ ಬರೆದಿಟ್ಟಿದ್ರು, ಕಾರಂತರು ತೀರಿಹೋದ ಮೇಲೆ 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಅದನ್ನು ದೆಹಲಿಯಲ್ಲಿ ಆಡಿಸ್ತು, ಹಕ್ಕು ಇದ್ದವರು ಹಾಕಿದ ಕೇಸು ಉಡುಪಿ ಕೋರ್ಟಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ 2009ರ ಜನವರಿಯಲ್ಲಿ ತೀರ್ಪು ಬಂತು. ಹೆಡ್‌ಲೈನ್ ಬರಿ ಅಂದೆ. "ಅಕಾಡೆಮಿಗೆ ಸೋಲು" ಅಂತ ಬರೆದ್ಲು. ಕಡೇ ಪ್ಯಾರಾ ಓದು ಅಂದೆ. ಓದಿದ್ಲು, ತಡೆಯಾಜ್ಞೆ ಉಳೀತು, ಆದ್ರೆ ಕಾಪಿರೈಟ್ ಕಾನೂನಿನಲ್ಲೇ ಇರುವ ವಿನಾಯಿತಿಗಳೊಳಗೆ ಬರುವ ಪ್ರದರ್ಶನಕ್ಕೆ ಅಡ್ಡಿ ಇಲ್ಲ ಅಂತ ಕೋರ್ಟು ಬಿಡಿಸಿ ಹೇಳಿತ್ತು.

"ಮಾಮ, ಇದು ಒಂದು ಲೈನಲ್ಲಿ ಹಿಡಿಯುದಿಲ್ಲ."

"ಹಾಗಾದ್ರೆ ಎರಡು ಲೈನ್ ಬರಿ."

"ಎಡಿಟರ್ ಜಾಗ ಕೊಡ್ಬೇಕಲ್ಲ" ಅಂದ್ಲು, ಮೂರು ತಿಂಗಳು ಇಂಟರ್ನ್‌ಶಿಪ್ ಮಾಡಿ ಬಂದವಳು, ಅವಳಿಗೆ ನನಗಿಂತ ಚೆನ್ನಾಗಿ ಗೊತ್ತುಂಟು.