ಬೇಸಿಗೆಯ ಗುಡ್ಡ ನೋಡಿ ಆರಿಸಿದ ಗಿಡಗಳು

ಏಪ್ರಿಲ್ ಕೊನೆಯಲ್ಲಿ ಚಿತ್ರದುರ್ಗದ ಗುಡ್ಡಗಳ ಕಡೆ ಒಮ್ಮೆ ಹೋಗಿ ನೋಡಿ. ಯಾರೂ ನೀರು ಹಾಕದಿದ್ದರೂ ಯಾವ ಗಿಡ ಹಸಿರಾಗಿದೆಯೋ ಅದು ನಿಮ್ಮ ಅಂಗಳದಲ್ಲೂ ಬದುಕುತ್ತದೆ. ನಾನು ಮನೆ ಮುಂದಿನ ಜಾಗಕ್ಕೆ ಗಿಡ ಆರಿಸಿದ್ದು ಹೀಗೇ.

ಲಾನ್ ಹಾಕಿಸಿ ಎಂದು ಹೇಳಿದವರು ಬಹಳ ಜನ. ನನಗೆ ಮನಸ್ಸು ಒಪ್ಪಲಿಲ್ಲ. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಚಳ್ಳಕೆರೆ ಕಡೆಯಂತೂ ಸರಾಸರಿ ಮಳೆ ವರ್ಷಕ್ಕೆ 500 ಮಿಲಿಮೀಟರ್ ಕೂಡ ಇಲ್ಲ. ಇಂಥ ಕಡೆ ಹುಲ್ಲಿಗೋಸ್ಕರ ಟ್ಯಾಂಕರ್ ತರಿಸುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಮೊದಲು ಹಾಕಿದ್ದು ತಂಗಡಿ. ಕೆಲವು ಕಡೆ ಇದನ್ನು ಆವರಿಕೆ ಅಂತಾರೆ. ರಸ್ತೆ ಬದಿಯಲ್ಲಿ, ಗೊರಚು ನೆಲದಲ್ಲಿ ತಾನೇ ಬೆಳೆದು ಹಳದಿ ಹೂ ಬಿಡುವ ಪೊದೆ. ನಾನು ಕೇಳಿದ ನರ್ಸರಿಗಳಲ್ಲಿ ಇದರ ಸಸಿ ಇರಲಿಲ್ಲ. ರಸ್ತೆ ಬದಿಯ ಗಿಡಗಳಿಂದ ಒಣಗಿದ ಕಾಯಿ ಕಿತ್ತು ತಂದೆ. ಬೀಜದ ಸಿಪ್ಪೆ ಗಟ್ಟಿ, ಸುಮ್ನೆ ಮಣ್ಣಿಗೆ ಹಾಕಿದರೆ ಬೇಗ ಮೊಳೆಯುವುದಿಲ್ಲ. ಬಿಸಿ ನೀರು ಸುರಿದು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೇರವಾಗಿ ನೆಲಕ್ಕೇ ಊರಿದೆ. ತಾಯಿಬೇರು ಆಳಕ್ಕೆ ಇಳಿಯುವ ಗಿಡ ಇದು, ಕುಂಡದಲ್ಲಿ ಬೆಳೆಸಿ ಕಿತ್ತು ನೆಡುವುದಕ್ಕಿಂತ ಇದೇ ವಾಸಿ.

ತಂಗಡಿ ಹೂವಿನ ಪರಾಗ ಸುಲಭವಾಗಿ ಉದುರುವುದಿಲ್ಲ. ಕೇಸರದ ತುದಿಯಲ್ಲಿ ಸಣ್ಣ ತೂತು ಮಾತ್ರ ಇರುತ್ತದೆ. ಕರಿ ದುಂಬಿ ಬಂದು ಹೂವನ್ನು ಹಿಡಿದು ಜೋರಾಗಿ ಗುಂಯ್ ಎಂದು ಅದುರಿಸಬೇಕು, ಆಗ ಪರಾಗ ಹೊರಗೆ ಬರುತ್ತದೆ. ಬೆಳಿಗ್ಗೆ ಗಿಡದ ಹತ್ತಿರ ನಿಂತರೆ ಆ ಸದ್ದು ಚೆನ್ನಾಗಿ ಕೇಳುತ್ತದೆ. ತಿಳಿಹಳದಿ ಚಿಟ್ಟೆಗಳೂ ಇದರ ಎಲೆ ಮೇಲೆ ಮೊಟ್ಟೆ ಇಡುತ್ತವೆ. ಹುಳು ಎಲೆ ತಿಂದು ಕೊಂಬೆ ಬೋಳು ಮಾಡಿದರೂ ಔಷಧಿ ಹೊಡೆಯಬೇಡಿ. ಗಿಡ ಮತ್ತೆ ಚಿಗುರುತ್ತದೆ.

ಬೇಲಿಗೆ ಹಾಕಿದ್ದು 'ಬಂದರೆ' ಎಂಬ ಹೆಸರಿನ ಗಿಡ. ಎಲೆ ಅಂಟಂಟು, ಆಡು ಕುರಿ ಬಾಯಿ ಹಾಕುವುದಿಲ್ಲ. ಗೇಟಿನ ಪಕ್ಕ ಮುಳ್ಳುಗೋರಂಟಿ, ಕಡ್ಡಿ ನೆಟ್ಟರೂ ಬರುತ್ತದೆ. ಪಡುವಣದ ಗೋಡೆಗೆ ಮಧ್ಯಾಹ್ನದ ಬಿಸಿಲು ತಾಗದಿರಲಿ ಎಂದು ಕಾಂಪೌಂಡ್ ಆಚೆ ಒಂದು ಹೊಂಗೆ. ಅದರ ತರಗು ನನಗೆ ದೊಡ್ಡ ಆಸ್ತಿ. ಗುಡಿಸಿ ಸುಡದೆ ಎಲ್ಲ ಗಿಡಗಳ ಬುಡಕ್ಕೆ ಹರಡುತ್ತೇನೆ, ತೇವ ಬೇಗ ಆರುವುದಿಲ್ಲ. ತುಂಬೆ, ವಿಷ್ಣುಕ್ರಾಂತಿ ಮಳೆ ಬಿದ್ದ ಮೇಲೆ ತಾವಾಗಿಯೇ ಬರುತ್ತವೆ. ನಾನು ಕೀಳುವುದು ಕಾಂಗ್ರೆಸ್ ಗಿಡವನ್ನು ಮಾತ್ರ, ಅದೂ ಹೂ ಬಿಡುವ ಮುಂಚೆ.

ಬರ ತಡೆಯುವ ಗಿಡಗಳೆಲ್ಲ ಇಲ್ಲಿನವೇ ಎಂದು ತಿಳಿಯಬಾರದು. ಕಾಗದದ ಹೂ, ಕತ್ತಾಳೆ, ನಮ್ಮ ಗುಡ್ಡಗಳಲ್ಲಿ ತುಂಬಿರುವ ಸೀತಾಫಲ ಕೂಡ ಅಮೆರಿಕ ಖಂಡದ ಕಡೆಯಿಂದ ಬಂದವು. ಸೀತಾಫಲವನ್ನು ಹಣ್ಣಿಗಾಗಿ ಉಳಿಸಿಕೊಂಡಿದ್ದೇನೆ. ಲಂಟಾನ ಮಾತ್ರ ಖಂಡಿತ ಬೇಡ, ಪಕ್ಕದ ಖಾಲಿ ಜಾಗವನ್ನೂ ನುಂಗಿಬಿಡುತ್ತದೆ.

ನೆಡುವ ಕಾಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಜೂನ್ ಬಂತು ಎಂದು ಎಲ್ಲರೂ ಸಸಿ ನೆಡುತ್ತಾರೆ, ಅಲ್ವಾ? ನಮ್ಮಲ್ಲಿ ಜೂನ್, ಜುಲೈನಲ್ಲಿ ಮಳೆಗಿಂತ ಗಾಳಿ ಜಾಸ್ತಿ. ಜೋಗಿಮಟ್ಟಿ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಎಳೆ ಸಸಿ ಆ ಗಾಳಿಗೆ ಒಣಗುತ್ತದೆ. ಒಳ್ಳೆ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ನಾನು ಉತ್ತರೆ ಮಳೆಗೆ ನೆಡುತ್ತೇನೆ.

ಬರ ತಡೆಯುವ ಗಿಡ ಎಂದು ಮೊದಲ ಬೇಸಿಗೆಯಲ್ಲಿ ಕೈ ಬಿಡಬಾರದು. ಬೇರು ಇಳಿಯುವ ತನಕ ಅದೂ ಕೂಸೇ. ಅಗಲವಾದ ಪಾತಿ ಮಾಡಿ ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಪೂರ್ತಿ ಇಂಗುವಂತೆ ಹಾಕಿ. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಸಸಿ ಕೊಳ್ಳುವಾಗಲೂ ಎತ್ತರದ್ದನ್ನು ಬಿಟ್ಟು ಗೇಣುದ್ದದ್ದನ್ನೇ ಆರಿಸಿ. ಕವರ್ ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಬೇಡ ಅನ್ನಿ.