ಹಳೇ ಕಾರು ಕೊಳ್ಳುವ ಮುಂಚೆ ಡಿಕ್ಕಿಯ ಕಾರ್ಪೆಟ್ ಎತ್ತಿ ನೋಡಿ

ಲೋನ್ ಮಾಡಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ದಯವಿಟ್ಟು ಓದಿ.

ನಮ್ಮ ಕಾರು ಮನೆಗೆ ಬಂದು ಮೂರನೇ ವಾರಕ್ಕೆ ಪಂಕ್ಚರ್ ಆಯ್ತು. ಸ್ಟೆಪ್ನಿ ತೆಗೆಯಲು ಕಾರ್ಪೆಟ್ ಎತ್ತಿದೆ. ತಗಡಿನಲ್ಲಿ ನಾಲ್ಕು ತೂತು. ಎಂ-ಸೀಲ್ ಮೆತ್ತಿ ಬಣ್ಣ ಬಳಿದಿದ್ದರು, ಸುತ್ತ ತುಕ್ಕು. ಮೆಕ್ಯಾನಿಕ್ ನೋಡಿದ ಕೂಡಲೇ, ಸಿಎನ್‌ಜಿ ಸಿಲಿಂಡರ್ ಕೂರಿಸಿ ಬಿಚ್ಚಿದ್ದಾರೆ ಅಂದರು. ಆರ್‌ಸಿಯಲ್ಲಿ ಬರೀ ಪೆಟ್ರೋಲ್. ಮಾರಿದವರು ಒಂದು ಮಾತೂ ಹೇಳಿರಲಿಲ್ಲ.

ಸಿಎನ್‌ಜಿ ಕಿಟ್ ಇನ್ನೂ ಇರುವ ಗಾಡಿಯಾದರೆ ಜಾಸ್ತಿ ಹುಷಾರು. ಅದು ಆರ್‌ಸಿಯಲ್ಲೂ ಇನ್ಶೂರೆನ್ಸ್‌ನಲ್ಲೂ ನಮೂದಾಗಿರಬೇಕು, ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು. ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡ ಕೊಟ್ಟು ಗಟ್ಟಿ ಇದೆಯಾ ಅಂತ ನೋಡುವ ಪರೀಕ್ಷೆ ಬೇಕು.

ನಿಮಗೂ ಹೀಗಾದರೆ ಸಿಟ್ಟಿನಲ್ಲಿ ಇಎಂಐ ಮಾತ್ರ ನಿಲ್ಲಿಸಬೇಡಿ. ಲೋನ್ ಬೇರೆಯದೇ ಕರಾರು, ಸಿಬಿಲ್ ಸ್ಕೋರ್ (ಸಾಲ ತೀರಿಸಿದ ದಾಖಲೆಯ ಅಂಕ) ಹಾಳಾಗುವುದು ನಮ್ಮದೇ ಅಲ್ವಾ? ರಿಪೇರಿಗೆ ಮುಂಚೆ ಫೋಟೋ ತೆಗೆದಿಡಿ. ಗ್ಯಾರೇಜಿನವರಿಂದ ಏನೇನಾಗಿದೆ ಅಂತ ಬರೆಸಿಕೊಳ್ಳಿ. ಡೀಲರ್‌ಗೆ ಫೋನಿನಲ್ಲಿ ಸುಮ್ನೆ ಜಗಳ ಬೇಡ, ಇಮೇಲ್ ಹಾಕಿ, ಲೋನ್ ಕೊಟ್ಟವರಿಗೂ ಒಂದು ಕಾಪಿ ಕಳಿಸಿ. ಜಗ್ಗದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷ ಸಮಯವಿದೆ.