‘ಕ್ಲ್ಯಾಮರ್’ ಪದದ ಅರ್ಥವನ್ನೂ ಮೂಲವನ್ನೂ ಅರಿಯುವ ಬಗೆ

ಕೂಗಾಟವನ್ನು ಸೂಚಿಸುವ ಇಂಗ್ಲಿಷ್ ಪದಗಳಲ್ಲಿ ‘ಕ್ಲ್ಯಾಮರ್’ ಒಂದು. ಅದನ್ನು ಕನ್ನಡಕ್ಕೆ ತರುವಾಗ ನಾನು ಬಹುಕಾಲ ‘ಗದ್ದಲ’ ಎಂದಷ್ಟೇ ಬರೆದು ಮುಂದೆ ಸಾಗುತ್ತಿದ್ದೆ. ಪದದ ಹುಟ್ಟನ್ನು ಹುಡುಕಿಕೊಂಡು ಹೋದ ಮೇಲೆ, ಏನನ್ನೋ ಬೇಡುವ, ಕಿವಿಗೊಡಿ ಎಂದು ಹಟ ಹಿಡಿಯುವ ಕೂಗು ಅದರೊಳಗೆ ಇದೆ ಎಂಬುದು ಮನದಟ್ಟಾಯಿತು. ಆ ಹುಡುಕಾಟವನ್ನು ನಡೆಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ನಿಘಂಟನ್ನು ತೆರೆಯುವ ಮೊದಲು ಪದದ ಅಕ್ಕಪಕ್ಕ ಏನಿದೆ ಎಂಬುದನ್ನು ಗಮನಿಸಬೇಕು. ‘ಕ್ಲ್ಯಾಮರ್ ಆಫ್ ವಾಯ್ಸಸ್’ ಎಂದಿದ್ದರೆ ಅದು ಹಲವು ದನಿಗಳು ಒಂದರೊಳಗೊಂದು ಬೆರೆತು ಏನೂ ತಿಳಿಯದಂತಾದ ಕೋಲಾಹಲ. ‘ಕ್ಲ್ಯಾಮರ್ ಫಾರ್ ಜಸ್ಟಿಸ್’ ಎಂದಿದ್ದರೆ ಅದು ನ್ಯಾಯಕ್ಕಾಗಿ ಜನ ಒಕ್ಕೊರಲಿನಿಂದ ಮಾಡುವ ಆಗ್ರಹ. ಅಲ್ಲಿ ಯಾರೂ ಗಂಟಲು ಹರಿಯುವಂತೆ ಕೂಗಿರಬೇಕೆಂದಿಲ್ಲ, ಪತ್ರ ಬರೆದೂ ಒತ್ತಾಯಿಸಿರಬಹುದು. ‘ಫಾರ್’ ಇದ್ದರೆ ಬೇಡಿಕೆ, ‘ಅಗೇನ್ಸ್ಟ್’ ಇದ್ದರೆ ಪ್ರತಿಭಟನೆ. ಈ ಪದ ಕ್ರಿಯಾಪದವಾಗಿ ಬಂದಾಗಲೂ ಇದೇ ಭೇದ ಉಳಿಯುತ್ತದೆ. ಕಾಗುಣಿತದ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ: ಬ್ರಿಟಿಷರು ಕೊನೆಯ ‘ಆರ್’ ಅಕ್ಷರದ ಮುಂಚೆ ಬರೆಯುವ ‘ಯು’ವನ್ನು ಅಮೆರಿಕದವರು ಬರೆಯುವುದಿಲ್ಲ, ಆದರೆ ‘ಕ್ಲ್ಯಾಮರಸ್’ ಎಂಬ ವಿಶೇಷಣದಲ್ಲಿ ಆ ‘ಯು’ವನ್ನು ಇಬ್ಬರೂ ಬಿಡುತ್ತಾರೆ.

ಇನ್ನು ಮೂಲವನ್ನು ಹುಡುಕುವಾಗ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಇಳಿಯಬೇಕು. ಈ ಪದ 14ನೆಯ ಶತಮಾನದ ಕೊನೆಯ ಭಾಗದಲ್ಲಿ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಫ್ರೆಂಚಿಗೆ ಅದು ಬಂದದ್ದು ಲ್ಯಾಟಿನ್ನಿನಿಂದ, ಅಲ್ಲಿ ‘ಕ್ಲಾಮಾರೆ’ ಎಂದರೆ ಕೂಗುವುದು. ಇಲ್ಲಿಗೆ ನಿಲ್ಲದೆ ಅದೇ ಧಾತುವಿನ ಒಡಹುಟ್ಟುಗಳನ್ನು ಕಲೆಹಾಕಿದರೆ ಅರ್ಥ ಬಿಚ್ಚಿಕೊಳ್ಳುತ್ತದೆ. ಕೂಗಿ ಸಾರುವ ‘ಪ್ರೊಕ್ಲೇಮ್’, ಬೆರಗಿನಿಂದ ಉದ್ಗರಿಸುವ ‘ಎಕ್ಸ್‌ಕ್ಲೇಮ್’, ಜಯಕಾರ ಹಾಕುವ ‘ಅಕ್ಲೇಮ್’, ಎಲ್ಲಕ್ಕಿಂತ ಮುಖ್ಯವಾಗಿ ವಿಮೆಯ ಮಾತಿನಲ್ಲಿ ನಾವು ದಿನವೂ ಬಳಸುವ ‘ಕ್ಲೇಮ್’, ಇವೆಲ್ಲ ಆ ಒಂದೇ ಕೂಗಿನ ಮಕ್ಕಳು.

‘ಕ್ಲೇಮ್’ ಎಂದರೆ ಹಕ್ಕು ಸಾಧಿಸುವುದು. ಕೂಗಿಗೂ ಹಕ್ಕುಸಾಧನೆಗೂ ನಂಟು ಹೇಗೆ ಎಂಬ ಸಂಶಯ ಬರುವುದು ಸಹಜ. ಅದಕ್ಕೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಣ ಕಡಲಾದ ಇಂಗ್ಲಿಷ್ ಕಾಲುವೆಯಲ್ಲಿರುವ ಜರ್ಸಿ ಮತ್ತು ಗರ್ನ್‌ಸಿ ದ್ವೀಪಗಳ ಕಾನೂನಿನಲ್ಲಿ ಜೀವಂತ ಉತ್ತರವಿದೆ. ಉತ್ತರ ಫ್ರಾನ್ಸಿನ ನಾರ್ಮಂಡಿಯನ್ನು ಆಳಿದ ನಾರ್ಮನ್ನರ ಕಾಲದಿಂದ ಉಳಿದು ಬಂದಿರುವ ‘ಕ್ಲಾಮರ್ ದ ಹಾರೊ’ ಎಂಬ ಪದ್ಧತಿಯಂತೆ, ತನ್ನ ಸ್ಥಿರಾಸ್ತಿಗೆ ಯಾರಾದರೂ ಕೈಹಾಕುತ್ತಿದ್ದರೆ ಅದರ ಒಡೆಯನು ಸ್ಥಳದಲ್ಲಿಯೇ ಸಾಕ್ಷಿಗಳ ಎದುರು ಮಂಡಿಯೂರಿ, ‘ಹಾರೊ’ ಎಂದು ಮೂರು ಬಾರಿ ಕೂಗಿ, ‘ಪ್ರಭುವೇ, ನೆರವಿಗೆ ಬಾ, ನನಗೆ ಅನ್ಯಾಯವಾಗುತ್ತಿದೆ’ ಎಂಬರ್ಥದ ಫ್ರೆಂಚ್ ಮಾತನ್ನು ಹೇಳಬೇಕು. ಹೇಳಿದೊಡನೆ ಎದುರಾಳಿಯು ಕೆಲಸವನ್ನು ನಿಲ್ಲಿಸಿ ನ್ಯಾಯಾಲಯದ ತೀರ್ಮಾನಕ್ಕೆ ಕಾಯಬೇಕು. ಇಲ್ಲಿ ಕೂಗುವುದೇ ಹಕ್ಕು ಸಾಧಿಸುವುದು. ಈ ಒಂದು ದೃಶ್ಯವನ್ನು ಕಣ್ಣೆದುರು ತಂದುಕೊಂಡರೆ ‘ಕ್ಲ್ಯಾಮರ್’ ಮತ್ತು ‘ಕ್ಲೇಮ್’ ಪದಗಳ ನಂಟನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಲ್ಯಾಟಿನ್ನಿಗಿಂತಲೂ ಕೆಳಗೆ ಇಳಿದರೆ ಯೂರೋಪಿನ ಮತ್ತು ಉತ್ತರ ಭಾರತದ ಬಹುಪಾಲು ಭಾಷೆಗಳ ಮೂಲವಾದ ಇಂಡೋ-ಯೂರೋಪಿಯನ್ ಭಾಷೆಯ, ‘ಕರೆ, ಕೂಗು’ ಎಂಬರ್ಥದ ಧಾತು ಸಿಗುತ್ತದೆ. ರೋಮನ್ನರು ತಿಂಗಳ ಮೊದಲ ದಿನವನ್ನು ಸಾರಿ ಹೇಳುತ್ತಿದ್ದುದರಿಂದ ಬಂದ ‘ಕ್ಯಾಲೆಂಡರ್’ ಕೂಡ ಇದೇ ಬಳ್ಳಿಯದು. ದನ ಅಂಬಾ ಎನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ‘ಲೋ’ ಎಂಬ ಪದವೂ ಇದರ ದಾಯಾದಿಯೇ. ಅದರ ಹಳೆಯ ರೂಪ ‘ಹ್ಲೋವನ್’. ಮೂಲದ ಕಕಾರವು ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮಾನಿಕ್ ಭಾಷೆಗಳಲ್ಲಿ ಹಕಾರವಾದದ್ದು ಜರ್ಮನ್ ಭಾಷಾವಿದ ಯಾಕೋಬ್ ಗ್ರಿಮ್ 1822ರಲ್ಲಿ ನಿರೂಪಿಸಿದ ಧ್ವನಿನಿಯಮಕ್ಕೆ ಹೊಂದುತ್ತದೆ. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆದದ್ದನ್ನು ಬಲ್ಲವರಿಗೆ ಇಂಥ ಧ್ವನಿಪಲ್ಲಟ ಹೊಸದೇನಲ್ಲ.

ಕಿವಿಗೆ ಒಂದೇ ಎನ್ನಿಸುವ ಪದಗಳ ಬಗ್ಗೆ ಮಾತ್ರ ಎಚ್ಚರ ಬೇಕು. ‘ಗ್ಲಾಮರ್’ ಪದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅದು ‘ಗ್ರಾಮರ್’ ಪದವು ಸ್ಕಾಟ್ಲೆಂಡಿನಲ್ಲಿ ರೂಪಾಂತರಗೊಂಡು ಮೊದಲು ಮಾಟ, ಮೋಡಿ ಎಂಬರ್ಥದಲ್ಲಿ ಬಳಕೆಗೆ ಬಂದದ್ದು.

ಇಷ್ಟಾದ ಮೇಲೆ ಕನ್ನಡದ ಪದವನ್ನು ಆರಿಸುವುದು ಕಷ್ಟವಲ್ಲ. ಬೇಡಿಕೆಯಿಲ್ಲದ ಬರಿಯ ಸದ್ದಿಗೆ ‘ಗದ್ದಲ’, ‘ಬೊಬ್ಬೆ’ ಸಾಕು. ಹಲವರು ಕೂಡಿ ಪಟ್ಟುಹಿಡಿದು ಕೇಳುತ್ತಿದ್ದರೆ ‘ಒಕ್ಕೊರಲ ಆಗ್ರಹ’ ಎನ್ನಬಹುದು. ಆದರೆ ದನಿ ಮತ್ತು ದೂರು ಎರಡೂ ಒಟ್ಟಿಗೇ ಕೇಳಿಸಬೇಕಾದ ಕಡೆ ನಾನು ಈಗ ‘ಹುಯಿಲೆಬ್ಬಿಸು’ ಎಂದೇ ಬರೆಯುತ್ತೇನೆ. ‘ಹುಯಿಲು’ ಎಂಬುದು ಹಳಗನ್ನಡದ ‘ಪುಯ್ಯಲ್’. ಅದೂ ಪಕಾರವನ್ನು ಬಿಟ್ಟು ಹಕಾರವನ್ನು ಹಿಡಿದು ಬಂದ ಕೂಗು.